ಸಹಿ ತಾಳೆಯಾದರೆ ಸಾಕೇ?

‘ಅವರು ಮೊದಲಿನಂತಿಲ್ಲ’ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಬಡ್ತಿ ಸಿಕ್ಕವನ ಬಗೆಗೆ, ಹೆಂಡತಿಯನ್ನು ಕಳೆದುಕೊಂಡವನ ಬಗೆಗೆ, ಊರು ಬಿಟ್ಟು ಪರಸ್ಥಳಕ್ಕೆ ಬಂದು ನಾಲ್ಕು ಕಾಸು ಕಂಡವನ ಬಗೆಗೆ ಈ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಮೊದಲಿನಂತಿಲ್ಲದವನು ಹಾಗಾದರೆ ಯಾರು, ಮೊದಲಿನವನು ಎಲ್ಲಿ ಹೋದ ಎಂದು ಯಾರೂ ಕೇಳುವುದಿಲ್ಲ. ಕೇಳುವ ಪ್ರಮೇಯವೂ ಬರುವುದಿಲ್ಲ. ಆದರೆ ಕಳೆದ ಮೂರು ನಾಲ್ಕು ದಶಕಗಳ ವೈದ್ಯವಿಜ್ಞಾನ ಇದೇ ಪ್ರಶ್ನೆಯನ್ನು ಕೆಲವು ಸಂಸಾರಗಳ ಮುಂದೆ ತಂದು ನಿಲ್ಲಿಸಿದೆ; ಅದೂ ಉತ್ತರ ಕೊಡದೆ ವಿಧಿಯಿಲ್ಲ ಎಂಬಂತೆ.

ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಮನುಷ್ಯನ ಗುರುತೆಂದರೆ ಅವನ ಸಹಿ. ಮಾದರಿ ಸಹಿಯೊಂದಿಗೆ ತಾಳೆಯಾದರೆ ಅವನು ಅವನೇ. ತಾಳೆಯಾಗದಿದ್ದರೆ ಕಡತ ಆಕ್ಷೇಪಣೆಯೊಂದಿಗೆ ಹಿಂದಿರುಗುತ್ತದೆ. ಪಾರ್ಕಿನ್‌ಸನ್ ರೋಗ ಹಿಡಿದ ನಿವೃತ್ತರಿಗೆ ಈ ನಿಯಮ ದೊಡ್ಡ ಕಾಟ. ಅವರ ಅಕ್ಷರ ಸಾಲಿನಿಂದ ಸಾಲಿಗೆ ಕಿರಿದಾಗುತ್ತಾ ಹೋಗುತ್ತದೆ. ಮೂವತ್ತು ವರ್ಷ ದಿಟ್ಟವಾಗಿ ಹಾಕಿದ ಸಹಿ ಕೊನೆಗೆ ಇರುವೆಯ ಸಾಲಿನಂತಾಗುತ್ತದೆ. ಮನುಷ್ಯ ಅವನೇ, ಸಹಿ ಮಾತ್ರ ಅವನದಲ್ಲ ಎಂಬ ಸ್ಥಿತಿ. ಈಗ ಈ ರೋಗಕ್ಕೆ ಮಿದುಳಿನೊಳಗೆ ತಂತಿಯಿಟ್ಟು ವಿದ್ಯುತ್ತು ಹಾಯಿಸುವ ಚಿಕಿತ್ಸೆಯೊಂದಿದೆ. ಅದರಿಂದ ಕೈ ನಡುಕ ನಿಂತು ಸಹಿ ಮತ್ತೆ ತಾಳೆಯಾದ ಮೇಲೆ, ಕೆಲವು ಮನೆಗಳಲ್ಲಿ ಹೆಂಡತಿ ಮಕ್ಕಳು, ‘ಸಹಿಯೇನೋ ಅವರದೇ, ಆದರೆ ಮನುಷ್ಯ ಅವರಲ್ಲ’ ಎನ್ನುವಂತಾಗಿದೆ. ಇದು ನಿಜವೇ, ನಿಜವಾದರೆ ಅಂಥವರ ಮಾತಿಗೂ ಕೃತಿಗೂ ಯಾರು ಹೊಣೆ ಎಂಬುದು ನಮ್ಮ ಇಂದಿನ ವಿಚಾರ.

ಮೊದಲು ರೋಗದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೮೧೭ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಆರು ಮಂದಿ ರೋಗಿಗಳ ನಡುಕ, ಬಾಗಿದ ಮೈ, ತಡವರಿಸುವ ನಡಿಗೆಗಳನ್ನು ವರ್ಣಿಸಿ ಒಂದು ಕಿರುಪ್ರಬಂಧ ಪ್ರಕಟಿಸಿದ. ನಮ್ಮ ಆಯುರ್ವೇದದವರು ಇಂಥ ಲಕ್ಷಣಗಳನ್ನು ಕಂಪವಾತ ಎನ್ನುತ್ತಾರೆ. ಮಿದುಳಿನ ಬುಡದಲ್ಲಿರುವ ಕಪ್ಪು ಬಣ್ಣದ ನರಕೋಶಗಳು ಸಾಯುತ್ತಾ ಬಂದು, ಅವು ತಯಾರಿಸುವ ಡೋಪಮೈನ್ ಎಂಬ ರಾಸಾಯನಿಕ ಕಡಮೆಯಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು ೧೯೬೦ರ ಸುಮಾರಿಗೆ ತಿಳಿಯಿತು. ದೇಹದಲ್ಲಿ ಡೋಪಮೈನ್ ಆಗಿ ಪರಿಣಮಿಸುವ ಲೆವೊಡೋಪಾ ಎಂಬ ಔಷಧ ೧೯೬೭ರಿಂದ ಈಚೆಗೆ ಬಳಕೆಗೆ ಬಂದು ಲಕ್ಷಾಂತರ ಜನರನ್ನು ಹಾಸಿಗೆಯಿಂದ ಎಬ್ಬಿಸಿತು. ಚೆನ್ನೈಯಲ್ಲಿರುವ ನಾವು ಹೆಮ್ಮೆಪಡಬಹುದಾದ ಮಾತೊಂದಿದೆ: ನಮ್ಮ ಹಳ್ಳಿಗಳ ಬೇಲಿಯಲ್ಲಿ ಬೆಳೆದು, ಸೋಕಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆ, ಅದನ್ನು ೧೯೩೭ರಲ್ಲಿ ಬೇರ್ಪಡಿಸಿ ತೋರಿಸಿದವರು ಅಂದಿನ ಮದರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ.

ಆದರೆ ಈ ಔಷಧದ ಸುಖ ಶಾಶ್ವತವಲ್ಲ. ಕೆಲವು ವರ್ಷಗಳ ಮೇಲೆ ಗುಳಿಗೆಯ ಪ್ರಭಾವ ಬೇಗ ಇಳಿಯುತ್ತದೆ. ಇಳಿದಾಗ ಮೈ ಮರಗಟ್ಟುತ್ತದೆ, ಏರಿದಾಗ ಕೈಕಾಲು ಇಷ್ಟವಿಲ್ಲದಿದ್ದರೂ ಹೊಯ್ದಾಡುತ್ತವೆ. ಇಂಥ ರೋಗಿಗಳಿಗೆ ಆಸರೆಯಾದದ್ದು ಫ್ರಾನ್ಸಿನ ಗ್ರೆನೋಬಲ್ ನಗರದ ಶಸ್ತ್ರವೈದ್ಯ ಆಲಿಂ ಲೂಯಿ ಬೆನಬಿದ್ ೧೯೮೭ರಲ್ಲಿ ಪ್ರಕಟಿಸಿದ ವಿಧಾನ. ಮಿದುಳಿನ ಆಳಕ್ಕೆ ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿಯನ್ನು ಇಳಿಸಿ, ಎದೆಯ ಚರ್ಮದಡಿಯಲ್ಲಿ ಹುದುಗಿಸಿದ ಬ್ಯಾಟರಿಯಿಂದ ಸೆಕೆಂಡಿಗೆ ೧೩೦ರ ಆಸುಪಾಸಿನಲ್ಲಿ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸುವುದೇ ಇದರ ಸಾರಾಂಶ. ಹೆಸರು ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟನ್ನು ನಿಷ್ಕ್ರಿಯಗೊಳಿಸಿದರೆ ರೋಗಲಕ್ಷಣ ತಗ್ಗುವುದೆಂದು ಅಮೆರಿಕದ ಮಾಹ್ಲನ್ ಡಿಲಾಂಗ್ ಮತ್ತು ಸಂಗಡಿಗರು ೧೯೯೦ರಲ್ಲಿ ಕೋತಿಗಳಲ್ಲಿ ತೋರಿಸಿದ ಮೇಲೆ, ತಂತಿಯನ್ನು ಅಲ್ಲಿಗೇ ಇಳಿಸುವ ಪದ್ಧತಿ ಬಂತು. ೨೦೦೨ರಲ್ಲಿ ಅಮೆರಿಕದ ಸರಕಾರ ಪಾರ್ಕಿನ್‌ಸನ್ ರೋಗಕ್ಕೆ ಇದನ್ನು ಅಂಗೀಕರಿಸಿತು. ಬೆನಬಿದ್, ಡಿಲಾಂಗ್ ಇಬ್ಬರಿಗೂ ೨೦೧೪ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಪ್ರಯೋಜನದ ಬಗೆಗೆ ಸಂಶಯ ಬೇಡ. ೨೦೦೯ರಲ್ಲಿ ಪ್ರಕಟವಾದ, ೨೫೫ ರೋಗಿಗಳನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಪಡೆದವರಿಗೆ ಕೈಕಾಲು ಸ್ವಾಧೀನದಲ್ಲಿರುವ ಹೊತ್ತು ದಿನಕ್ಕೆ ಸರಾಸರಿ ೪.೬ ಗಂಟೆ ಹೆಚ್ಚಿತು. ತಾನೇ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಕೂತವನಿಗೆ ನಾಲ್ಕೂವರೆ ಗಂಟೆಯೆಂದರೆ ಎಷ್ಟೆಂಬುದನ್ನು ಅಂಥವರ ಆರೈಕೆ ಮಾಡಿದವರೇ ಬಲ್ಲರು. ಆದ್ದರಿಂದ ಮುಂದೆ ನಾವು ಹೇಳುವುದನ್ನು ಓದಿ ಯಾರೂ ಚಿಕಿತ್ಸೆಗೆ ಹೆದರಬಾರದೆಂದು ಈಗಲೇ ವಿನಂತಿಸುತ್ತೇವೆ.

ಇನ್ನು ಸ್ವಭಾವದ ಮಾತು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸು ಗಾತ್ರದಲ್ಲಿ ಹೆಚ್ಚೆಂದರೆ ಒಂದು ಅವರೆಕಾಳಿನಷ್ಟು. ಆ ಕಾಳಿನೊಳಗೆ ಚಲನೆಗೆ ಒಂದು ಭಾಗ, ಆಲೋಚನೆಗೆ ಒಂದು ಭಾಗ, ಭಾವನೆಗೆ ಒಂದು ಭಾಗ, ನಡುವೆ ಗೋಡೆಯಿಲ್ಲ. ಒಂದು ಕೋಣೆಗೆ ಹಾಕಿದ ದೀಪದ ಬೆಳಕು ಪಕ್ಕದ ಕೋಣೆಗೂ ಬೀಳುವ ಹಾಗೆ, ಕೈಯ ನಡುಕಕ್ಕೆಂದು ಹಾಯಿಸಿದ ವಿದ್ಯುತ್ತು ಮನಸ್ಸಿನ ಕಡೆಗೂ ಹರಿಯಬಹುದು. ಎಷ್ಟು ಸೂಕ್ಷ್ಮವೆಂಬುದಕ್ಕೆ ೧೯೯೯ರಲ್ಲಿ ಪ್ಯಾರಿಸ್ಸಿನ ವೈದ್ಯರು ವರದಿಮಾಡಿದ ಪ್ರಸಂಗವೇ ಸಾಕ್ಷಿ. ಅರುವತ್ತೈದು ವರ್ಷದ ಹೆಂಗಸೊಬ್ಬಳಿಗೆ ಹಿಂದೆ ಖಿನ್ನತೆಯ ಕಾಯಿಲೆ ಇರಲಿಲ್ಲ. ನಡುಕ ತಗ್ಗಿಸುವ ಜಾಗಕ್ಕಿಂತ ಸುಮಾರು ಎರಡು ಮಿಲಿಮೀಟರ್ ಕೆಳಗೆ ವಿದ್ಯುತ್ತು ಹಾಯಿಸಿದಾಗ ಕೆಲವೇ ಸೆಕೆಂಡುಗಳಲ್ಲಿ ಆಕೆ ಅಳತೊಡಗಿದಳು. ಬದುಕು ಸಾಕಾಗಿದೆ, ತನ್ನಿಂದ ಯಾರಿಗೂ ಉಪಯೋಗವಿಲ್ಲವೆಂದಳು. ವಿದ್ಯುತ್ತು ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ದುಃಖವೆಲ್ಲ ಮಾಯ. ಮುಂದಿನ ಐದು ನಿಮಿಷ ವೈದ್ಯರೊಡನೆ ನಗೆಚಾಟಿಕೆಯಲ್ಲಿದ್ದಳು. ಸಂಸಾರ ನಶ್ವರವೆಂಬ ಗಾಢವಾದ ಭಾವ ಎರಡು ಮಿಲಿಮೀಟರಿನ ವ್ಯತ್ಯಾಸದಲ್ಲಿ ಹುಟ್ಟಿ ಅಳಿಯುವುದಾದರೆ, ನಮ್ಮ ವೈರಾಗ್ಯ ಉತ್ಸಾಹಗಳನ್ನು ಎಷ್ಟರಮಟ್ಟಿಗೆ ನಮ್ಮವೆನ್ನಬೇಕು?

ಅಮೆರಿಕದ ಮೈಕೇಲ್ ಫ್ರಾಂಕ್ ಮತ್ತು ಸಂಗಡಿಗರು ೨೦೦೭ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಎರಡು ಆಯ್ಕೆಗಳು ಸರಿಸುಮಾರು ಸಮನಾಗಿದ್ದಾಗ ನಾವು ತುಸು ತಡೆದು ಯೋಚಿಸುತ್ತೇವೆ. ಆ ತಡೆಯಲ್ಲಿ ಇದೇ ನ್ಯೂಕ್ಲಿಯಸ್ಸಿನ ಪಾತ್ರವಿದೆ. ಬಂಡಿಗೆ ಬ್ರೇಕ್ ಇದ್ದ ಹಾಗೆ. ವಿದ್ಯುತ್ತು ಹರಿಯುತ್ತಿರುವಾಗ ರೋಗಿಗಳು ಇಂಥ ಕಠಿಣ ಆಯ್ಕೆಗಳಲ್ಲಿ ನಿಧಾನಿಸುವ ಬದಲು ಅವಸರಪಟ್ಟರು. ಅಂದಮೇಲೆ ಕೆಲವರು ಆಪರೇಷನ್ನಿನ ನಂತರ ದುಡುಕುವುದು, ಕೈ ಬಿಚ್ಚಿ ಖರ್ಚು ಮಾಡುವುದು, ಕೋಪಿಸಿಕೊಳ್ಳುವುದು ಆಶ್ಚರ್ಯವಲ್ಲ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ ಯಾವುದರಲ್ಲೂ ಆಸಕ್ತಿಯಿಲ್ಲದೆ ಮಂಕಾಗುತ್ತಾರೆ. ಆಪರೇಷನ್ನಿನ ಬಳಿಕ ಗುಳಿಗೆಗಳನ್ನು ಬಹಳ ಕಡಿತಮಾಡುವುದೂ ಇದಕ್ಕೊಂದು ಕಾರಣ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಯೋಚನೆಗೆ ಹಚ್ಚಿದ್ದು ೨೦೦೪ರಲ್ಲಿ ಹಾಲೆಂಡಿನ ವೈದ್ಯರು ಪ್ರಕಟಿಸಿದ ವೃತ್ತಾಂತ. ಅರುವತ್ತೆರಡು ವರ್ಷದ ಗಂಡಸು. ತಂತಿಯ ಚಿಕಿತ್ಸೆಯಿಂದ ಓಡಾಡುವಂತಾದ. ಅದರೊಡನೆ ಉನ್ಮಾದವೂ ಬಂತು. ಮನೆಗಳನ್ನೂ ಕಾರುಗಳನ್ನೂ ಕೊಂಡ, ಪರಸ್ತ್ರೀಯ ಸಹವಾಸ ಮಾಡಿದ, ಸಾಲದಲ್ಲಿ ಮುಳುಗಿದ. ತನಗೇನಾದರೂ ಆಗಿದೆಯೆಂಬ ಅರಿವು ಅವನಿಗಿರಲಿಲ್ಲ. ಔಷಧಗಳು ನಾಟಲಿಲ್ಲ. ವಿದ್ಯುತ್ತು ನಿಲ್ಲಿಸಿದರೆ ಬುದ್ಧಿ ತಿಳಿಯಾಗುತ್ತಿತ್ತು, ಮೈ ಮಾತ್ರ ಹಾಸಿಗೆ ಹಿಡಿಯುತ್ತಿತ್ತು. ನಡುವಣ ದಾರಿ ಸಿಗಲಿಲ್ಲ. ಉಳಿದದ್ದು ಎರಡೇ: ತಿಳಿಯಾದ ಬುದ್ಧಿಯೊಂದಿಗೆ ಶುಶ್ರೂಷಾಲಯದಲ್ಲಿ ಮಲಗಿರುವುದು, ಇಲ್ಲವೇ ಓಡಾಡುವ ಮೈಯೊಂದಿಗೆ ಮಾನಸಿಕ ಆಸ್ಪತ್ರೆಯಲ್ಲಿ ಬಂಧಿಯಾಗಿರುವುದು. ವೈದ್ಯರು ವಿದ್ಯುತ್ತು ನಿಲ್ಲಿಸಿ, ಅವನ ವಿವೇಕ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಅವನನ್ನೇ ಕೇಳಿದರು. ಅವನು ಎರಡನೆಯದನ್ನು ಆರಿಸಿಕೊಂಡ. ಹಾಗೆಯೇ ನಡೆಯಿತು.

ಈ ಮನುಷ್ಯನ ಆಯ್ಕೆ ಸರಿಯೇ? ವಿವೇಕವುಳ್ಳವನು ತನ್ನ ವಿವೇಕವನ್ನೇ ಬಿಟ್ಟುಕೊಡುವುದು ವಿವೇಕವೇ?

ಕುಮಾರವ್ಯಾಸ ಭಾರತದ ಗಮಕ ಕೇಳಿದವರಿಗೆ ಸಭಾಪರ್ವದ ದ್ರೌಪದಿಯ ಪ್ರಶ್ನೆ ನೆನಪಿದ್ದೇ ಇರುತ್ತದೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ತನ್ನ ಹೆಂಡತಿಯನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕೊಡ್ಡುವ ಹಕ್ಕೆಲ್ಲಿ ಉಳಿಯಿತು? ಭೀಷ್ಮನಂಥ ಭೀಷ್ಮನೇ ಧರ್ಮ ಸೂಕ್ಷ್ಮವೆಂದು ಕೈಚೆಲ್ಲಿದ. ತನ್ನ ಮೇಲಿನ ಒಡೆತನ ಕಳೆದುಕೊಂಡವನ ಮಾತಿಗೆ ಬೆಲೆಯೆಷ್ಟು, ಅದರ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ ಅಂದಿನಿಂದಲೂ ನಮ್ಮ ಮುಂದಿದೆ. ಹಾಲೆಂಡಿನ ರೋಗಿ ಉನ್ಮಾದದಲ್ಲಿ ಮನೆ ಕೊಂಡಾಗ ಕೇಳಬೇಕಾದದ್ದೂ ಇದೇ.

ಇದಕ್ಕೆ ಸುಲಭವಾದ ಎರಡು ಉತ್ತರಗಳಿವೆ. ಅದು ಯಂತ್ರ ಮಾಡಿದ್ದು, ಅವನು ಮಾಡಿದ್ದಲ್ಲ ಎಂಬುದು ಒಂದು. ಹಾಗಿದ್ದರೆ ಯಂತ್ರದ ಬಲದಿಂದ ಅವನು ನಡೆದಾಡಿದ್ದು, ಮೊಮ್ಮಗುವನ್ನು ಎತ್ತಿ ಆಡಿಸಿದ್ದು ಸಹ ಅವನದಲ್ಲವೆನ್ನಬೇಕಾಗುತ್ತದೆ. ಒಳ್ಳೆಯದು ತನ್ನದು, ಕೆಟ್ಟದ್ದು ಯಂತ್ರದ್ದೆಂದು ಲೆಕ್ಕ ಬರೆದರೆ ಯಾವ ಆಡಿಟ್ಟಿನವರೂ ಒಪ್ಪುವುದಿಲ್ಲ. ಹಣ ಅವನದು, ಸಹಿ ಅವನದು, ಆದ್ದರಿಂದ ಪೂರ್ತಿ ಅವನೇ ಹೊಣೆ ಎಂಬುದು ಇನ್ನೊಂದು. ಇದೂ ಕ್ರೂರ. ಬ್ರೇಕ್ ಕಿತ್ತ ಬಂಡಿಯನ್ನು ಕೊಟ್ಟು, ಇಳಿಜಾರಿನಲ್ಲಿ ಏಕೆ ನಿಲ್ಲಿಸಲಿಲ್ಲವೆಂದು ಗದರಿಸಿದ ಹಾಗೆ.

ಅಲ್ಲದೆ, ಯಂತ್ರ ಬರುವ ಮೊದಲು ಇದ್ದವನೇ ಅಸಲು ಮನುಷ್ಯ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ರೋಗವೇ ಹತ್ತು ಹದಿನೈದು ವರ್ಷಗಳಿಂದ ಅವನನ್ನು ಬದಲಾಯಿಸುತ್ತಾ ಬಂದಿದೆ. ಡೋಪಮೈನ್ ಕುಗ್ಗಿದಂತೆ ಉತ್ಸಾಹವೂ ಕುಗ್ಗುತ್ತದೆ. ಗುಳಿಗೆಗಳೂ ಕಡಮೆಯಿಲ್ಲ. ಡೋಪಮೈನಿನಂತೆ ವರ್ತಿಸುವ ಕೆಲವು ಮಾತ್ರೆ ನುಂಗುತ್ತಿದ್ದ ಹನ್ನೊಂದು ಮಂದಿಗೆ ಜೂಜಿನ ಹುಚ್ಚು ಹಿಡಿದದ್ದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೨೦೦೫ರಲ್ಲಿ ಬರೆದರು. ಆಪರೇಷನ್ನಿನ ನಂತರ ಗುಳಿಗೆ ಕಡಮೆಯಾಗಿ ಅಂಥ ಹುಚ್ಚು ಬಿಟ್ಟವರೂ ಇದ್ದಾರೆ. ಮೇಲಾಗಿ, ತಂತಿ ಹಾಕಿದರೆ ವ್ಯಕ್ತಿತ್ವವೇ ಬದಲಾಗುವುದೆಂಬ ಗಾಬರಿ ಬಿಡಿ ಬಿಡಿ ಪ್ರಸಂಗಗಳ ಮೇಲೆ ಕಟ್ಟಿದ್ದು, ಆಧಾರ ಸಾಲದೆಂದು ಫ್ರೆಡರಿಕ್ ಗಿಲ್ಬರ್ಟ್ ಮತ್ತಿತರರು ೨೦೧೮ರಲ್ಲಿ ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಯೋಗ್ಯವಾದದ್ದೇ. ಆದರೂ ವಿರಳವಾದ ಸಂಕಟ ಅನುಭವಿಸುವವನಿಗೆ ವಿರಳವಲ್ಲ.

ಇಲ್ಲಿ ಮನೆಯವರ ಮಾತನ್ನೂ ಕೇಳಬೇಕು. ೨೦೦೬ರಲ್ಲಿ ಪ್ಯಾರಿಸ್ಸಿನ ಒಂದು ತಂಡ, ಆಪರೇಷನ್ ಯಶಸ್ವಿಯಾದ ೨೯ ರೋಗಿಗಳನ್ನು ಕೂರಿಸಿಕೊಂಡು ವಿಚಾರಿಸಿತು. ಮೊದಲು ಕೆಲಸದಲ್ಲಿದ್ದ ೧೬ ಮಂದಿಯಲ್ಲಿ ಕೆಲಸಕ್ಕೆ ಮರಳಿದವರು ೯ ಮಂದಿ ಮಾತ್ರ. ೨೪ ದಂಪತಿಗಳಲ್ಲಿ ೧೭ ಕಡೆ ಮನಸ್ತಾಪ. ಕೆಲವರು ತಮ್ಮನ್ನು ತಾವೇ ಗುರುತಿಸಲಾರೆವೆಂದರು. ರೋಗ ಇಳಿದ ಮೇಲೆ ಜಗಳವೇಕೆ? ವರ್ಷಗಟ್ಟಲೆ ಗಂಡನಿಗೆ ಅನ್ನ ಕಲಸಿ ಕೊಟ್ಟು, ಕೈಹಿಡಿದು ನಡೆಸಿದವಳಿಗೆ ಅದೇ ಬದುಕಾಗಿರುತ್ತದೆ. ಒಂದು ಬೆಳಿಗ್ಗೆ ಅವನು ಎದ್ದು, ‘ನಾನು ಮೊದಲಿನಂತಾದೆ, ಇನ್ನು ನನ್ನ ದಾರಿ ನನಗೆ’ ಎನ್ನುತ್ತಾನೆ. ಅವಳು ‘ಇವರು ಮೊದಲಿನಂತಿಲ್ಲ’ ಎನ್ನುತ್ತಾಳೆ. ಇಬ್ಬರ ಮಾತೂ ಸುಳ್ಳಲ್ಲ. ಅವನ ಅಳತೆ ರೋಗಕ್ಕೆ ಹಿಂದಿನ ತಾನು. ಅವಳ ಅಳತೆ ನಿನ್ನೆಯವರೆಗೆ ತಾನು ಸಾಕಿದವನು.

ಹೀಗಿರುವಾಗ ‘ನಾನು’ ಎಂಬುದನ್ನು ಮಿದುಳಿನ ಯಾವುದೋ ಮೂಲೆಯಲ್ಲಿ ಹುಡುಕುವುದರಿಂದ ಪ್ರಯೋಜನವಿಲ್ಲವೆಂದು ನಮಗನ್ನಿಸುತ್ತದೆ. ಅದರ ಬದಲು ಎರಡು ಪ್ರಶ್ನೆ ಕೇಳಬೇಕು. ನಿನ್ನೆ ಮಾಡಿದ್ದನ್ನು ‘ಹೌದು, ನಾನೇ ಮಾಡಿದೆ’ ಎಂದು ಒಪ್ಪಿ, ನಾಳೆ ಆಗುವುದನ್ನು ‘ನಾನೇ ಹೊರುತ್ತೇನೆ’ ಎನ್ನುವ ಶಕ್ತಿ ನಿರ್ಧಾರದ ಹೊತ್ತಿನಲ್ಲಿ ಅವನಿಗಿದೆಯೇ? ಆ ನಿರ್ಧಾರದ ಬೆಲೆ ತೆರುವವರು ಯಾರು, ಅವರನ್ನು ಕೇಳಿದ್ದಾಯಿತೇ? ಹೊಣೆ ಹೊರಬಲ್ಲವನೇ ‘ನಾನು’. ಆ ಶಕ್ತಿ ಯಂತ್ರದೊಂದಿಗೆ ಉಳಿದರೆ ಯಂತ್ರಸಹಿತನಾಗಿಯೂ ಅವನು ಅವನೇ. ಯಂತ್ರವಿಲ್ಲದೆಯೂ ಅದು ಹೋಗಿದ್ದರೆ ಬರಿಯ ಸಹಿಯಿಂದ ಏನೂ ಸಿದ್ಧವಾಗುವುದಿಲ್ಲ.

ಹಾಲೆಂಡಿನವನ ಆಯ್ಕೆಯನ್ನು ಈ ಒರೆಗಲ್ಲಿಗೆ ಹಚ್ಚಿದರೆ ನಾವು ಅದನ್ನು ಗೌರವಿಸುತ್ತೇವೆ. ಅವನು ತಿಳಿಯಾದ ಬುದ್ಧಿಯಲ್ಲಿ ಆರಿಸಿಕೊಂಡ. ಬೀಗದೊಳಗಿನ ಬಾಳನ್ನೂ ಜೊತೆಗೇ ಒಪ್ಪಿಕೊಂಡ, ಅಂದರೆ ತನ್ನ ಉನ್ಮಾದದಿಂದ ಇನ್ನೊಬ್ಬರಿಗೆ ಕೇಡಾಗದಂತೆ ಬೆಲೆಯನ್ನು ತಾನೇ ತೆತ್ತ. ಧರ್ಮರಾಯ ಬೆಲೆಯನ್ನು ದ್ರೌಪದಿಯಿಂದ ತೆರಿಸಿದ. ಅವಳನ್ನು ಕೇಳಲೂ ಇಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ. ಆದರೆ ಅದೇ ರೋಗಿ ಹಿಂದೆ ಹೊರಗಿದ್ದು ಮಾಡಿದ ಸಾಲಕ್ಕೆ ಈ ಸಮರ್ಥನೆ ಸಲ್ಲದು. ಅಲ್ಲಿ ಅವನೂ ಪೂರ್ತಿ ಹೊಣೆಯಲ್ಲ, ಮನೆಯವರಂತೂ ಅಲ್ಲವೇ ಅಲ್ಲ. ಅಂಥದು ಸಂಭವಿಸಬಹುದೆಂದು ಬಲ್ಲವರು ಮೊದಲೇ ಹೇಳಿ, ಬಳಿಕ ಕಣ್ಣಿಟ್ಟು ನೋಡಬೇಕಾದದ್ದು ಧರ್ಮ.

ಇದಕ್ಕೊಂದು ಆಕ್ಷೇಪವಿದೆ. ಇಂದಿನ ನಾನು ಬರೆದಿಟ್ಟ ಮಾತು ನಾಳಿನ ನನ್ನನ್ನು ಕಟ್ಟಿಹಾಕುವುದು ದಬ್ಬಾಳಿಕೆಯಲ್ಲವೇ? ಆದರೆ ಇದನ್ನು ನಾವು ದಿನವೂ ಮಾಡುತ್ತಿದ್ದೇವೆ. ಕುಡಿತದ ಚಟವಿರುವ ಬುದ್ಧಿವಂತ, ಒಂದನೆಯ ತಾರೀಖು ಸಂಬಳವನ್ನು ಹೆಂಡತಿಯ ಕೈಗಿತ್ತು, ‘ಹತ್ತನೆಯ ತಾರೀಖು ನಾನು ಎಷ್ಟು ಕಾಡಿದರೂ ಕೊಡಬೇಡ’ ಎನ್ನುತ್ತಾನೆ. ಹತ್ತನೆಯ ತಾರೀಖು ಅವಳು ಕೊಡದಿದ್ದರೆ ಅದು ದಬ್ಬಾಳಿಕೆಯಲ್ಲ, ಒಂದನೆಯ ತಾರೀಖಿನ ಗಂಡನಿಗೆ ತೋರಿದ ವಿಧೇಯತೆ. ಮತ್ತೆ ಒಂದನೆಯ ತಾರೀಖು ಬಂದಾಗ, ಮನಸ್ಸು ತಿಳಿಯಾಗಿರುವಾಗ, ಅವನು ಆ ಕರಾರನ್ನು ಬದಲಾಯಿಸಬಹುದು. ಬದಲಾಯಿಸುವ ಈ ಬಾಗಿಲೊಂದು ತೆರೆದಿರಲೇಬೇಕು. ಇಲ್ಲವಾದರೆ ಆಕ್ಷೇಪಣೆ ನಿಜವಾಗುತ್ತದೆ.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮುಂದೆ ಮಾನಸಿಕ ಅಸ್ವಸ್ಥತೆ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವಯಸ್ಕರು ಮುಂಗಡವಾಗಿ ಬರೆದಿಡಬಹುದು; ತಮ್ಮ ಪರವಾಗಿ ಮಾತನಾಡಲು ಒಬ್ಬರನ್ನು ನೇಮಿಸಲೂಬಹುದು. ಭವಿಷ್ಯನಿಧಿಗೆ ನಾಮಿನಿಯ ಹೆಸರು ಬರೆಯುವ ನಾವು, ನಮ್ಮ ಬುದ್ಧಿಗೂ ಒಬ್ಬ ನಾಮಿನಿಯನ್ನು ಹೆಸರಿಸಬಹುದೆಂಬುದನ್ನು ಎಷ್ಟು ಜನ ಗಮನಿಸಿದ್ದೇವೆ?

ಆದ್ದರಿಂದ ಯಾವ ಮನೆಯಲ್ಲಾದರೂ ಈ ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಖರ್ಚಿನ ಲೆಕ್ಕ ಹಾಕುವ ದಿನವೇ ರೋಗಿ, ಮನೆಯವರು, ವೈದ್ಯರು ಮೂವರೂ ಕೂತು ಕೆಲವು ವಿಷಯ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಹಿಂದೆ ಖಿನ್ನತೆಯೋ, ಜೂಜಿನ ಅಥವಾ ಖರ್ಚಿನ ಚಪಲವೋ ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮೊದಲ ಒಂದು ವರ್ಷ ನಡುಕವನ್ನಷ್ಟೇ ಅಲ್ಲ, ನಿದ್ದೆ, ಕೋಪ, ಖರ್ಚು, ಮೌನಗಳನ್ನೂ ಗಮನಿಸಿ ವೈದ್ಯರಿಗೆ ತಿಳಿಸಬೇಕು. ೨೦೦೮ರಲ್ಲಿ ಪ್ರಕಟವಾದ ಹಲವು ದೇಶಗಳ ಸಮೀಕ್ಷೆಯಲ್ಲಿ ೫,೩೧೧ ರೋಗಿಗಳ ಪೈಕಿ ೨೪ ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಅಪಾಯ ಹೆಚ್ಚಿದ್ದದ್ದು ಮೊದಲ ವರ್ಷದಲ್ಲಿ. ವಿದ್ಯುತ್ತಿನ ಪ್ರಮಾಣವನ್ನೂ ಜಾಗವನ್ನೂ ಬದಲಾಯಿಸಲು ಬರುತ್ತದೆಯಾದ್ದರಿಂದ ಬೇಗ ಹೇಳಿದಷ್ಟೂ ಉಪಾಯ ಹೆಚ್ಚು. ಕಡೆಯದಾಗಿ, ‘ನನ್ನಲ್ಲಿ ಏನು ಬದಲಾದರೂ ಸಹಿಸುತ್ತೇನೆ, ಏನು ಬದಲಾದರೆ ಸಹಿಸೆ, ಆಗ ಯಾರ ಮಾತು ಕೇಳಬೇಕು’ ಎಂಬುದನ್ನು ರೋಗಿ ತನ್ನ ಬಾಯಿಂದ ಹೇಳಿ ಬರೆಸಿಡಬೇಕು. ಅಕ್ಷರ ಚಿಕ್ಕದಾಗಿ, ಸಹಿ ಅಂಕುಡೊಂಕಾಗಿದ್ದರೂ ಚಿಂತೆಯಿಲ್ಲ. ಮುಂದೊಂದು ದಿನ ಮನೆಯಲ್ಲಿ ‘ಇವರು ಮೊದಲಿನಂತಿಲ್ಲ’ ಎಂಬ ಮಾತು ಬಂದಾಗ, ಮೊದಲಿನವರು ಏನು ಬಯಸಿದ್ದರೆಂದು ತಿಳಿಯಲು ಉಳಿದಿರುವುದು ಆ ಕಾಗದವೊಂದೇ.